ಪೊರೆ ತೆಗೆಸಿದ ಕಣ್ಣು ಮತ್ತೆ ಮಂಜಾದರೆ

ಎರಡು ವರ್ಷದ ಹಿಂದೆ ಪೊರೆ ತೆಗೆಸಿ ಲೆನ್ಸ್ ಹಾಕಿಸಿಕೊಂಡ ತಂದೆಯವರಿಗೆ ಮತ್ತೆ ಮಂಜಾಗಿ ಕಾಣುತ್ತಿದೆ, ಲೆನ್ಸ್ ಹಾಳಾಯಿತೇ, ಪುನಃ ಆಪರೇಷನ್ ಬೇಕೇ ಎಂದು ಕೇಳಿದ್ದೀರಿ. ನಾನು ಡಾಕ್ಟರಲ್ಲ. ನನ್ನ ಅಮ್ಮನಿಗೆ ಹೀಗೇ ಆಗಿತ್ತು, ಆ ಅನುಭವದಿಂದ ಬರೆಯುತ್ತಿದ್ದೇನೆ.

ನಮ್ಮ ಮನೆ ಉಡುಪಿಯ ಶಂಕರಪುರದ ಹತ್ತಿರ. ಅಮ್ಮ ಮಲ್ಲಿಗೆ ಕೊಯ್ದು ಬಾಳೆನಾರಿನಲ್ಲಿ ಕಟ್ಟುವವರು. ಆಪರೇಷನ್ ಆಗಿ ಒಂದೂವರೆ ವರ್ಷ ಚೆನ್ನಾಗಿ ಕಂಡಿತು. ಆಮೇಲೆ ಎಲೆಮರೆಯ ಮೊಗ್ಗುಗಳು ಗಿಡದಲ್ಲೇ ಉಳಿಯತೊಡಗಿದವು. ರಾತ್ರಿ ಎದುರು ಬರುವ ಬಸ್ಸಿನ ಲೈಟು ಚದುರಿ ಕಣ್ಣು ಕುಕ್ಕುತ್ತಿತ್ತು. ಮಕ್ಕಳು ಅಷ್ಟು ಖರ್ಚು ಮಾಡಿದ್ದಾರಲ್ಲ ಎಂದು ಅವರು ತಿಂಗಳುಗಟ್ಟಲೆ ಬಾಯಿಬಿಡಲಿಲ್ಲ. ಗೊತ್ತಾದ ಮೇಲೂ ನಾವು ಕನ್ನಡಕ ಬದಲಿಸಿ ಸುಮ್ಮನಾದೆವು. ಆ ಬೇಸರ ನನಗೆ ಈಗಲೂ ಉಂಟು.

ನಮ್ಮ ಕಣ್ಣಿನ ಮಸೂರ ಒಂದು ತೆಳು ಚೀಲದೊಳಗೆ ಇರುತ್ತದೆ. ಬೆಳ್ಳಗಾದ ಮಸೂರವನ್ನು ತೆಗೆದು ಅದೇ ಚೀಲದಲ್ಲಿ ಕೃತಕ ಲೆನ್ಸ್ ಕೂರಿಸುತ್ತಾರೆ. ಚೀಲದಲ್ಲಿ ಉಳಿದ ಸೂಕ್ಷ್ಮ ಜೀವಕೋಶಗಳು ಬೆಳೆದು ಲೆನ್ಸಿನ ಹಿಂದಿರುವ ಚೀಲದ ಗೋಡೆಯ ಮೇಲೆ ಹರಡಿದರೆ ಅಲ್ಲಿ ಮಂಜು ಕಟ್ಟುತ್ತದೆ. ಲೆನ್ಸ್ ಸರಿಯಾಗಿಯೇ ಇರುತ್ತದೆ. ಪೊರೆ ಮತ್ತೆ ಬೆಳೆದದ್ದೂ ಅಲ್ಲ, ಆಪರೇಷನ್ ಕೆಟ್ಟದ್ದೂ ಅಲ್ಲ.

ಇದಕ್ಕೆ ಯಾಗ್ ಲೇಸರ್ ಎಂಬ ಚಿಕಿತ್ಸೆ ಉಂಟು. ಡ್ರಾಪ್ಸ್ ಹಾಕಿ ಪಾಪೆ ಅಗಲ ಮಾಡಿ, ಗದ್ದ ಊರಿ ಕೂರುವ ಮಿಷನ್ ಎದುರು ಕೂರಿಸಿ, ಆ ಮಸುಕಾದ ಗೋಡೆಯಲ್ಲಿ ಸಣ್ಣ ಕಿಂಡಿ ತೆರೆಯುತ್ತಾರೆ. ಕೆಲವೇ ನಿಮಿಷ. ಕೊಯ್ಯುವುದಿಲ್ಲ, ಹೊಲಿಗೆಯಿಲ್ಲ, ಅದೇ ದಿನ ಮನೆಗೆ. ಆ ಕಿಂಡಿ ಸಾಮಾನ್ಯವಾಗಿ ಮತ್ತೆ ಮುಚ್ಚಿಕೊಳ್ಳುವುದಿಲ್ಲ.

ಆದರೆ ಮಂಜಿಗೆ ಇದೊಂದೇ ಕಾರಣವೆಂದು ನೀವೇ ತೀರ್ಮಾನಿಸಬೇಡಿ. ಶುಗರ್ ಇದ್ದರೆ ರೆಟಿನಾ, ಅಂದರೆ ಕಣ್ಣಿನ ಒಳಗೆ ಹಿಂಬದಿಯಲ್ಲಿರುವ ಪದರ, ಕೆಟ್ಟಿರಬಹುದು, ಕಣ್ಣಿನ ಒತ್ತಡ ಏರಿರಬಹುದು. ಎರಡನ್ನೂ ಮೊದಲು ನೋಡಿಸಿ. ದಿನದ ಕೆಲಸಕ್ಕೆ ತೊಂದರೆ ಇಲ್ಲದಿದ್ದರೆ ಡಾಕ್ಟರೇ ಸ್ವಲ್ಪ ಕಾಯಲು ಹೇಳಬಹುದು. ಲೇಸರ್ ಆದ ಮೇಲೆ ಕೆಲವು ದಿನ ಕಪ್ಪು ಚುಕ್ಕಿಗಳು ತೇಲುವುದು ಮಾಮೂಲು, ಅಮ್ಮನಿಗೂ ಇತ್ತು. ಮಿಂಚು ಹೊಡೆದಂತೆ ಕಂಡರೆ, ಚುಕ್ಕಿಗಳು ಒಮ್ಮೆಲೇ ಹೆಚ್ಚಿದರೆ, ಪಕ್ಕದಿಂದ ಪರದೆ ಎಳೆದಂತಾದರೆ ಅದೇ ದಿನ ಓಡಿ. ಅಪರೂಪಕ್ಕೆ ರೆಟಿನಾ ತನ್ನ ಜಾಗದಿಂದ ಬಿಟ್ಟುಕೊಳ್ಳುವುದುಂಟು.

ಹೋಗುವಾಗ ಹಳೆಯ ಆಪರೇಷನ್ ಕಾಗದ ಹಿಡಿದುಕೊಳ್ಳಿ, ಯಾರಾದರೂ ಜೊತೆಗಿರಿ. ಪಾಪೆ ಅಗಲವಾಗಿದ್ದಾಗ ನಮ್ಮ ಕರಾವಳಿಯ ಬಿಸಿಲಿನಲ್ಲಿ ಒಬ್ಬರೇ ಬಸ್ ಹತ್ತುವುದು ಕಷ್ಟ. ತಂದೆಯವರಿಗೆ ಇದು ಆಪರೇಷನ್ ಅಲ್ಲವೆಂದು ಮನೆಯಲ್ಲೇ ಬಿಡಿಸಿ ಹೇಳಿ. ನಾವು ಹೇಳಿರಲಿಲ್ಲ. ಅಮ್ಮ ಹಿಂದಿನ ರಾತ್ರಿಯಿಂದ ಉಪವಾಸವಿದ್ದು ಬಂದಿದ್ದರು.