ಆಪ್ತಸಲಹೆ ಪ್ರಕರಣ: ವರದಿಯಲ್ಲಿ ಹಿಂದೆ ಬಿದ್ದ ಹುಡುಗಿ

(ಗುರುತು ಸಿಗದಂತೆ ಹೆಸರು ಮತ್ತು ಮನೆಯ ವಿವರಗಳನ್ನು ಬದಲಿಸಿದ್ದೇನೆ.)

ಸುಮಾ ಎಂದಿಟ್ಟುಕೊಳ್ಳಿ. ವಯಸ್ಸು 15. ಹೊಸನಗರ ಕಡೆಯ ಅಡಿಕೆ ತೋಟದ ಮನೆ, ಕೂಡು ಕುಟುಂಬ. ಓದಲು ಶಿವಮೊಗ್ಗಕ್ಕೆ ಬಂದು ಹಾಸ್ಟೆಲ್ ಸೇರಿದ್ದಳು. ಶಾಲೆಯಲ್ಲಿ ಎಲ್ಲ ಮಕ್ಕಳಿಗೂ ಭಾವನಾತ್ಮಕ ಬುದ್ಧಿಮತ್ತೆಯ, ಅಂದರೆ ಭಾವನೆಗಳನ್ನು ಅರಿತು ನಡೆಯುವ ಶಕ್ತಿಯ, ಪರೀಕ್ಷೆ ಮಾಡಿಸಿದ್ದರು. ಹೊರದೇಶದ ಪ್ರಶ್ನಾವಳಿ, ಕನ್ನಡಕ್ಕೆ ತಂದದ್ದು. ಇವಳಿಗೆ ಬಂದದ್ದು ‘ಸರಾಸರಿಗಿಂತ ಬಹಳ ಕಡಿಮೆ’. ಅಪ್ಪ ವರದಿ ಹಿಡಿದುಕೊಂಡೇ ಬಂದರು. “ಮನೇಲಿ ಎಲ್ರನ್ನೂ ನೋಡ್ಕೊಳ್ಳೋ ಹುಡುಗಿ ಮೇಡಂ. ಇವ್ಳಿಗೆ ಮನಸ್ಸೇ ಇಲ್ಲ ಅನ್ನೋ ಹಾಗೆ ಬರ್ದಿದಾರೆ.”

ನಾನು ಉತ್ತರ ಪತ್ರಿಕೆ ತರಿಸಿ, ಸುಮಾ ಜೊತೆ ಕೂತು ಒಂದೊಂದೇ ಸಾಲು ಓದಿದೆ.

‘ಬೇಸರವಾದಾಗ ಸುಲಭವಾಗಿ ಹೇಳಿಕೊಳ್ಳುತ್ತೇನೆ’ ಎಂಬುದಕ್ಕೆ ‘ಎಂದೂ ಇಲ್ಲ’ ಎಂದು ಗುರುತು ಹಾಕಿದ್ದಳು. “ಅಮ್ಮಂಗೆ ಚಿಂತೆ ಹತ್ಕೊಳ್ಳತ್ತೆ. ಸುಮ್ನೆ ಯಾಕೆ ಹೇಳೋದು?” ‘ಸಿಟ್ಟು ಬಂದರೆ ನೇರವಾಗಿ ತಿಳಿಸುತ್ತೇನೆ’ ಎಂದು ಓದಿದಾಗ ನನ್ನನ್ನೇ ಕೇಳಿದಳು: “ಅಜ್ಜನ ಎದುರಿಗಾ ಮೇಡಂ?” ‘ಬೇರೆಯವರ ಮನಸ್ಸು ನನಗೆ ಚೆನ್ನಾಗಿ ತಿಳಿಯುತ್ತದೆ’ ಎಂಬಲ್ಲಿ ಮಧ್ಯದ ಉತ್ತರ. “ನನ್ನ ಬಗ್ಗೆ ನಾನೇ ಹಂಗೆ ಹೇಳ್ಕೊಂಡ್ರೆ ಚೆನ್ನಾಗಿರಲ್ಲ ಅಲ್ವಾ?”

ಅಪ್ಪನಿಗೆ ಬೇಜಾರಾಗಿದ್ದು ಹೇಗೆ ಗೊತ್ತಾಗುತ್ತೆ ಅಂತ ಕೇಳಿದೆ. “ಮಂಡಿಯಿಂದ ಬಂದು ಕಾಫಿ ಅರ್ಧಕ್ಕೇ ಬಿಟ್ಟು ತೋಟಕ್ಕೆ ಹೋದ್ರೆ ರೇಟು ಬಿದ್ದಿದೆ ಅಂತ. ಆವತ್ತು ಫೀಸಿನ ಮಾತು ಎತ್ತಲ್ಲ. ತಮ್ಮನಿಗೂ ಕಣ್ಣಲ್ಲೇ ಸನ್ನೆ ಮಾಡ್ತೀನಿ.”

ಮನೋವಿಜ್ಞಾನಿಗಳಾದ ಪೀಟರ್ ಸಲೋವಿ ಮತ್ತು ಜಾನ್ ಮೇಯರ್ 1990ರಲ್ಲಿ ಭಾವನಾತ್ಮಕ ಬುದ್ಧಿಮತ್ತೆ ಎಂದು ವಿವರಿಸಿದ್ದು ಹೆಚ್ಚುಕಡಿಮೆ ಇದನ್ನೇ: ತನ್ನ ಮತ್ತು ಇತರರ ಭಾವನೆ ಗುರುತಿಸಿ, ಅದಕ್ಕೆ ತಕ್ಕಂತೆ ಯೋಚಿಸಿ ನಡೆಯುವುದು. ಆದರೆ ಮಕ್ಕಳಿಗೆ ಕೊಡುವ ಬಹಳಷ್ಟು ಪರೀಕ್ಷೆಗಳು ಅವರು ತಮ್ಮ ಬಗ್ಗೆ ಏನು ಹೇಳಿಕೊಳ್ಳುತ್ತಾರೆ ಎಂಬುದನ್ನಷ್ಟೇ ಎಣಿಸುತ್ತವೆ. ಹೇಳಿಕೊಳ್ಳುವ ರೀತಿ ಎಲ್ಲ ಕಡೆ ಒಂದೇ ಅಲ್ಲ. ಜಪಾನ್, ತೈವಾನ್, ಕೆನಡಾ, ಅಮೆರಿಕದ ಪ್ರೌಢಶಾಲೆ ಮಕ್ಕಳನ್ನು ಹೋಲಿಸಿದ 1995ರ ಅಧ್ಯಯನದಲ್ಲಿ ಜಪಾನ್, ತೈವಾನ್ ಮಕ್ಕಳು ಮಧ್ಯದ ಉತ್ತರವನ್ನು ಜಾಸ್ತಿ ಆರಿಸಿದ್ದರು. ಸನ್ನಿವೇಶ ಕೊಟ್ಟು ಸಾಮರ್ಥ್ಯ ಅಳೆಯುವ ಪರೀಕ್ಷೆಗಳೂ ಇವೆ. ಅವುಗಳಲ್ಲೂ ಪ್ರಸಿದ್ಧವಾದ ಒಂದರಲ್ಲಿ ಬಹುಮತದ ಅಥವಾ ತಜ್ಞರ ಉತ್ತರವೇ ಸರಿಯುತ್ತರ. ಯಾವ ಊರಿನ ಬಹುಮತ ಅನ್ನೋದು ಇಲ್ಲಿ ಮುಖ್ಯ. ಹಾಗಾಗಿ ಅನುವಾದ ಚೆನ್ನಾಗಿದ್ದರೆ ಸಾಲದು. ಅದೇ ಸಾಲು ಎರಡೂ ಕಡೆಯ ಮಕ್ಕಳಲ್ಲಿ ಅದೇ ಗುಣವನ್ನು ಅಳೆಯುತ್ತಿದೆಯಾ ಎಂದು ಪರೀಕ್ಷಿಸಬೇಕು, ಇಲ್ಲಿನ ಮಕ್ಕಳದ್ದೇ ಸರಾಸರಿ ಬೇಕು.

ಹಾಗಂತ ಸುಮಾಗೆ ಏನೂ ತೊಂದರೆ ಇಲ್ಲ ಎಂದು ಕಳಿಸುವಂತಿರಲಿಲ್ಲ. ಮನೆಯಲ್ಲಿ ಅವಳು ಬಾಯಿ ಬಿಡದಿದ್ದರೂ ಅಜ್ಜಿಗೆ ತಿಳಿಯುತ್ತಿತ್ತು. ಹಾಸ್ಟೆಲ್‌ನಲ್ಲಿ ಅಂಥವರು ಯಾರೂ ಇಲ್ಲ. ಭಾನುವಾರ ಸಂಜೆಯಾದರೆ ಹೊಟ್ಟೆನೋವು, ರಾತ್ರಿ ನಿದ್ದೆ ಇಲ್ಲ. ಯಾರಿಗೂ ಹೇಳಿರಲಿಲ್ಲ.

ಅವಳಿಗೆ ನಾನು ಹೇಳಿದ್ದು: ಎಲ್ಲರಿಗೂ ಹೇಳಬೇಕಿಲ್ಲ, ಒಬ್ಬರನ್ನು ಆರಿಸಿಕೋ. ‘ಬೇಜಾರು’ ಅನ್ನೋಕೆ ಕಷ್ಟವಾದರೆ ‘ಹೊಟ್ಟೆ ಕಿವುಚ್ತಿದೆ’ ಅಂತಲೇ ಶುರು ಮಾಡು. ಅವಳು ವಾರ್ಡನ್ ಅಕ್ಕನನ್ನು ಆರಿಸಿದಳು.

ಅಪ್ಪನಿಗೆ: ಫೋನಿನಲ್ಲಿ ‘ಊಟ ಆಯ್ತಾ, ಓದಿದ್ಯಾ’ ಅಷ್ಟಕ್ಕೇ ನಿಲ್ಲಿಸಬೇಡಿ. ಇವತ್ತು ಯಾವುದು ಕಷ್ಟವಾಯ್ತು ಅಂತ ಕೇಳಿ. ಅವಳು ಹೇಳಿದ ತಕ್ಷಣ ‘ಧೈರ್ಯವಾಗಿರು’ ಎಂದು ಮುಚ್ಚಿಬಿಡಬೇಡಿ, ಕೇಳಿಸಿಕೊಳ್ಳಿ. ರೇಟು ಬಿದ್ದ ದಿನ ನಿಮಗೇನಾಯ್ತು ಅನ್ನೋದನ್ನೂ ಹೇಳಿ. ದೊಡ್ಡವರು ಹೇಳಿಕೊಳ್ಳುವುದನ್ನು ಕಂಡಾಗ ಮಕ್ಕಳೂ ಬಾಯಿ ಬಿಡುತ್ತಾರೆ. ಹೊಟ್ಟೆನೋವಿಗೆ ಒಮ್ಮೆ ವೈದ್ಯರಿಗೆ ತೋರಿಸಿ. ರಾತ್ರಿ ಹೊತ್ತು ಸಂಕಟ ಜಾಸ್ತಿಯಾದರೆ ಟೆಲಿ ಮನಸ್ ಸಹಾಯವಾಣಿ 14416 ಇದೆ.

ಶಾಲೆಗೆ ಪತ್ರ ಬರೆದೆ: ಈ ಅಂಕವನ್ನು ಮಗುವಿನ ಫೈಲಿನಲ್ಲಿ ಇಡಬೇಡಿ, ತರಗತಿಯಲ್ಲಿ ಓದಬೇಡಿ. ಸರಾಸರಿ ಯಾವ ದೇಶದ ಮಕ್ಕಳದ್ದು ಎಂದು ಪರೀಕ್ಷೆ ಕೊಟ್ಟವರನ್ನು ಕೇಳಿ. ಪ್ರಶ್ನಾವಳಿ ಬೇಕೇ ಬೇಕಿದ್ದರೆ ಶಿಕ್ಷಕರು ಕಂಡದ್ದನ್ನೂ ಮನೆಯವರ ಮಾತನ್ನೂ ಜೊತೆಗಿಟ್ಟು ನೋಡಿ.

ವರದಿಯನ್ನು ಫೈಲಿನಿಂದ ತೆಗೆದಿದ್ದಾರೆ. ಸುಮಾಗೆ ಈಗ ನಿದ್ದೆ ಬರುತ್ತಿದೆ. ಭಾನುವಾರದ ಹೊಟ್ಟೆನೋವು ಪೂರ್ತಿ ಹೋಗಿಲ್ಲ. ಮುಂದಿನ ಭೇಟಿಗೆ ಅಮ್ಮನನ್ನೂ ಕರೆದುಕೊಂಡು ಬರಲು ಹೇಳಿದ್ದೇನೆ.