ಮೋಟರ್ ಕೈಕೊಟ್ಟಿತು ಅನ್ನುವವರಿಗೆ ಫ್ರೇಸಲ್ ವರ್ಬ್ ಹೊಸದಲ್ಲ

ಇಂಗ್ಲಿಷ್ ಕಲಿಕೆ: ಓದುಗರ ಪ್ರಶ್ನೆ, ತಜ್ಞರ ಉತ್ತರ

ಈ ಸಲ ಬಳ್ಳಾರಿ, ರಾಯಚೂರು, ಕೊಪ್ಪಳ ಜಿಲ್ಲೆಗಳ ಓದುಗರ ಪ್ರಶ್ನೆಗಳನ್ನು ಆರಿಸಿಕೊಂಡಿದ್ದೇವೆ. ಎಲ್ಲವೂ ಫ್ರೇಸಲ್ ವರ್ಬ್ ಬಗ್ಗೆಯೇ ಇವೆ. ಅಂದರೆ ‘ಗೆಟ್’, ‘ಪುಟ್’, ‘ಟೇಕ್’ ತರಹದ ಸಣ್ಣ ಕ್ರಿಯಾಪದಕ್ಕೆ ‘ಅಪ್’, ‘ಆಫ್’, ‘ಔಟ್’ ಸೇರಿ ಬೇರೆಯದೇ ಅರ್ಥ ಕೊಡುವ ಜೋಡಿ ಮಾತುಗಳು.

ಪ್ರಶ್ನೆ: ಮೇಡಂ, ನಾನು ಗಂಗಾವತಿಯಲ್ಲಿ ಬಿ.ಎ. ಓದುತ್ತಿದ್ದೇನೆ. ಗೆಟ್ ಅಪ್, ಗೆಟ್ ಆಫ್, ಗೆಟ್ ಓವರ್, ಗೆಟ್ ಬೈ ಅಂತ ಪಟ್ಟಿ ಬರೆದುಕೊಂಡು ಬಾಯಿಪಾಠ ಮಾಡ್ತೀನಿ. ಮೂರೇ ದಿನಕ್ಕೆ ಎಲ್ಲ ಕಲಸುಮೇಲೋಗರ. ಮಾತಾಡುವಾಗ ಒಂದೂ ಬಾಯಿಗೆ ಬರಲ್ಲ. ಏನು ಮಾಡಲಿ?

ಉತ್ತರ: ಮೊದಲು ಆ ಪಟ್ಟಿ ಪಕ್ಕಕ್ಕಿಡಿ. ನಿಮ್ಮ ನೆನಪಿನ ಶಕ್ತಿ ಚೆನ್ನಾಗಿಯೇ ಇದೆ, ಪಟ್ಟಿ ಮಾಡಿದ ರೀತಿ ಸರಿಯಿಲ್ಲ. ‘ಗೆಟ್ ಆಫ್’ ಬಸ್ಸಿನಿಂದ ಇಳಿಯುವಾಗಿನ ಮಾತು. ‘ಗೆಟ್ ಓವರ್’ ಕಾಯಿಲೆಯಿಂದಲೋ ದುಃಖದಿಂದಲೋ ಚೇತರಿಸಿಕೊಂಡವರ ಮಾತು. ‘ಗೆಟ್ ಬೈ’ ಇದ್ದುದರಲ್ಲೇ ಹೇಗೋ ತಿಂಗಳು ದೂಡುವ ಮನೆಯ ಮಾತು. ಮೂರಕ್ಕೂ ‘ಗೆಟ್’ ಅನ್ನುವ ಶಬ್ದ ಬಿಟ್ಟರೆ ಬೇರೆ ಸಂಬಂಧವೇ ಇಲ್ಲ. ಒಂದರ ಕೆಳಗೊಂದು ಬರೆದರೆ ಕಲಸಿಹೋಗದೆ ಇನ್ನೇನಾಗುತ್ತದೆ?

ಈ ಕಷ್ಟ ನಿಮ್ಮೊಬ್ಬರದಲ್ಲ. 1755ರಲ್ಲಿ ದೊಡ್ಡ ಇಂಗ್ಲಿಷ್ ನಿಘಂಟು ಹೊರತಂದ ಸ್ಯಾಮ್ಯುಯೆಲ್ ಜಾನ್ಸನ್ ಅದರ ಮುನ್ನುಡಿಯಲ್ಲೇ ಇದನ್ನು ಹೇಳಿದ್ದಾರೆ. ಹೊರಗಿನವರಿಗೆ ಇಂಗ್ಲಿಷಿನಲ್ಲಿ ಎಲ್ಲಕ್ಕಿಂತ ಕಷ್ಟ ಆಗುವುದು ಇಂಥ ಜೋಡಿಗಳಿಂದ ಅಂತ. ಅವರು ಕೊಟ್ಟ ಉದಾಹರಣೆಗಳಲ್ಲಿ ‘ಬ್ರೇಕ್ ಆಫ್’, ‘ಸೆಟ್ ಔಟ್’, ‘ಟೇಕ್ ಆಫ್’ ಇವೆ. ಇವತ್ತಿಗೂ ನಮ್ಮ ಮಕ್ಕಳು ಎಡವುವುದು ಅಲ್ಲೇ.

ಆದರೆ ಕನ್ನಡ ಮಾತಾಡುವವರು ಇದಕ್ಕೆ ಹೆದರಬೇಕಾಗಿಲ್ಲ. ‘ಹೊಲದ ಮೋಟರ್ ಕೈಕೊಟ್ಟಿತು’ ಅಂತೀವಿ. ಮೋಟರಿಗೆ ಕೈ ಎಲ್ಲಿದೆ? ‘ಆ ಕೆಲಸಕ್ಕೆ ಕೈಹಾಕಿದ’, ‘ಅರ್ಧಕ್ಕೇ ಕೈಬಿಟ್ಟ’, ‘ಕಷ್ಟದಲ್ಲಿ ಅಣ್ಣ ಕೈಹಿಡಿದ’. ಕೈ ಒಂದೇ, ಜೊತೆಗೆ ಬಂದ ಕ್ರಿಯಾಪದ ಬದಲಾದಂತೆ ಅರ್ಥ ಎಲ್ಲೆಲ್ಲಿಗೋ ಹೋಯಿತು ನೋಡಿ. ಇವನ್ನು ನಮಗೆ ಯಾರೂ ಪಟ್ಟಿ ಮಾಡಿ ಕಲಿಸಲಿಲ್ಲ. ಮಳೆ ಕೈಕೊಟ್ಟ ವರ್ಷ ಮನೆಯಲ್ಲಿ ದೊಡ್ಡವರು ಆಡಿದ ಮಾತು ಕಿವಿಗೆ ಬಿತ್ತು, ಉಳಿಯಿತು. ಇಂಗ್ಲಿಷಿನದನ್ನೂ ಹಾಗೇ ಕಲಿಯಬೇಕು. ಒಂದು ಸನ್ನಿವೇಶ ಹಿಡಿಯಿರಿ. ಅಲ್ಲಿ ನಿಜವಾಗಿ ಆಡುವ ಮಾತುಗಳನ್ನು ಮಾತ್ರ ತೆಗೆದುಕೊಳ್ಳಿ.

ಗಂಗಾವತಿಯಿಂದ ಕೊಪ್ಪಳಕ್ಕೆ ಬಸ್ಸಿನಲ್ಲಿ ಹೋಗುತ್ತೀರಲ್ಲ, ಅದನ್ನೇ ಹಿಡಿಯೋಣ. ಬಸ್ ಹತ್ತಿದ್ದು ‘ಗಾಟ್ ಆನ್’. ಹೊರಟದ್ದು ‘ಸೆಟ್ ಆಫ್’. ಬೂದಗುಂಪಾ ಕ್ರಾಸ್ ಹತ್ತಿರ ಕೆಟ್ಟು ನಿಂತಿತು ಅಂತಿಟ್ಟುಕೊಳ್ಳಿ, ‘ಬ್ರೋಕ್ ಡೌನ್’. ಎಲ್ಲರೂ ಇಳಿದರು, ‘ಗಾಟ್ ಆಫ್’. ಅಪ್ಪ ಬೈಕ್ ತಂದು ಹತ್ತಿಸಿಕೊಂಡರು, ‘ಪಿಕ್ಡ್ ಮಿ ಅಪ್’. ಕಾಲೇಜಿನ ಮುಂದೆ ಇಳಿಸಿದರು, ‘ಡ್ರಾಪ್ಡ್ ಮಿ ಆಫ್’. ಈಗ ಇದನ್ನೇ ನಿಮ್ಮ ಕಥೆಯಾಗಿ ಬರೆಯಿರಿ: ‘ಐ ಗಾಟ್ ಆನ್ ಅಟ್ ಗಂಗಾವತಿ. ದ ಬಸ್ ಬ್ರೋಕ್ ಡೌನ್ ನಿಯರ್ ಬೂದಗುಂಪಾ. ವಿ ಆಲ್ ಗಾಟ್ ಆಫ್. ಮೈ ಫಾದರ್ ಪಿಕ್ಡ್ ಮಿ ಅಪ್.’ ಗಟ್ಟಿಯಾಗಿ ಓದಿ. ಮರುದಿನ ಬಸ್ ಹತ್ತುವಾಗ ‘ಗೆಟ್ ಆನ್’ ತಾನಾಗಿಯೇ ನೆನಪಾಗುತ್ತದೆ, ಯಾಕೆಂದರೆ ಕಾಲು ಬಸ್ಸಿನ ಮೆಟ್ಟಿಲ ಮೇಲೇ ಇರುತ್ತದೆ.

ಇಲ್ಲೇ ಇನ್ನೊಂದು ಮಾತು. ಬಸ್ ಇಳಿಯುವುದಕ್ಕೆ ನಾವು ‘ಗೆಟ್ ಡೌನ್’ ಅಂತೀವಿ. ನಮ್ಮ ದೇಶದಲ್ಲಿ ಎಲ್ಲರಿಗೂ ತಿಳಿಯುತ್ತದೆ. ಹೊರಗಡೆ ಬಸ್ಸಿಗೂ ರೈಲಿಗೂ ‘ಗೆಟ್ ಆಫ್’ ಅಂತಾರೆ. ಆಟೋ, ಕಾರಿಗೆ ಮಾತ್ರ ‘ಗೆಟ್ ಇನ್’, ‘ಗೆಟ್ ಔಟ್’. ಒಳಗೆ ಎದ್ದು ನಿಂತು ಓಡಾಡುವಂಥ ವಾಹನಕ್ಕೆ ‘ಆನ್’ ಮತ್ತು ‘ಆಫ್’, ಬಗ್ಗಿ ಒಳಗೆ ಕೂರುವಂಥದಕ್ಕೆ ‘ಇನ್’ ಮತ್ತು ‘ಔಟ್’. ಇಷ್ಟು ಹಿಡಿದುಕೊಂಡರೆ ಸಾಕು.

‘ಅಪ್’ ಬಗ್ಗೆಯೂ ಒಂದು ಸುಳಿವು ಕೊಡುತ್ತೇನೆ. ‘ಈಟ್ ಅಪ್’, ‘ಡ್ರಿಂಕ್ ಅಪ್’, ‘ಯೂಸ್ ಅಪ್’ ಇವುಗಳಲ್ಲಿ ‘ಅಪ್’ ಮಾಡುವ ಕೆಲಸವನ್ನೇ ಕನ್ನಡದಲ್ಲಿ ‘ಬಿಡು’ ಮಾಡುತ್ತದೆ: ತಿಂದುಬಿಡು, ಕುಡಿದುಬಿಡು, ಖರ್ಚು ಮಾಡಿಬಿಟ್ಟ. ಪೂರ್ತಿ ಮುಗಿಯಿತು ಅನ್ನುವ ಭಾವ. ಎಲ್ಲ ‘ಅಪ್’ಗೂ ಇದು ಹೊಂದುವುದಿಲ್ಲ. ‘ಗೆಟ್ ಅಪ್’ ಅಂದರೆ ಎದ್ದೇಳುವುದೇ. ಆದರೂ ಓದುವಾಗ ಗೊತ್ತಿಲ್ಲದ ಜೋಡಿ ಎದುರಾದರೆ ಈ ಅರ್ಥ ಒಮ್ಮೆ ಹಾಕಿ ನೋಡಿ, ಬಹಳ ಸಲ ದಾರಿ ಸಿಗುತ್ತದೆ.

ಪ್ರಶ್ನೆ: ಬಳ್ಳಾರಿಯ ಜೀನ್ಸ್ ಹೊಲಿಗೆ ಘಟಕದಲ್ಲಿ ಸೂಪರ್‌ವೈಸರ್ ಆಗಿದ್ದೇನೆ. ಬೇರೆ ರಾಜ್ಯದ ಪಾರ್ಟಿಗಳು ಫೋನಿನಲ್ಲಿ ‘ಟೇಕ್ ಇನ್’, ‘ಲೆಟ್ ಔಟ್’, ‘ಕಾಲ್ ಆಫ್’ ಅಂತೆಲ್ಲ ಅಂತಾರೆ. ‘ಯೆಸ್ ಸರ್’ ಅಂದುಬಿಡ್ತೀನಿ, ಆಮೇಲೆ ಯಾರನ್ನಾದರೂ ಕೇಳ್ತೀನಿ. ನನ್ನ ಕೆಲಸಕ್ಕೆ ಬೇಕಾದಷ್ಟು ಹೇಳಿಕೊಡಿ.

ಉತ್ತರ: ನಿಮ್ಮ ಪ್ರಶ್ನೆ ಓದಿ ಖುಷಿಯಾಯಿತು, ಯಾಕೆಂದರೆ ಈ ಮಾತುಗಳನ್ನು ಕಲಿಯಲು ಹೊಲಿಗೆ ಮಿಷನ್‌ಗಿಂತ ಒಳ್ಳೆಯ ಜಾಗ ಇಲ್ಲ. ಕಣ್ಣಿಗೆ ಕಾಣುವಂತೆಯೇ ಅರ್ಥ ಇದೆ.

ಒಂದು ಪ್ಯಾಂಟ್ ಮುಂದೆ ಹಾಸಿಕೊಳ್ಳಿ. ಸೊಂಟ ಸಡಿಲ, ಬಿಗಿ ಮಾಡಬೇಕು. ಬಟ್ಟೆಯನ್ನು ಒಳಕ್ಕೆ ತೆಗೆದುಕೊಂಡು ಹೊಲಿಯುತ್ತೀರಿ: ‘ಟೇಕ್ ಇನ್ ದ ವೇಸ್ಟ್’. ಸೊಂಟ ಬಿಗಿಯಾಯಿತು, ಹೊಲಿಗೆ ಬಿಚ್ಚಿ ಒಳಗೆ ಬಿಟ್ಟಿದ್ದ ಬಟ್ಟೆಯನ್ನು ಹೊರಗೆ ಬಿಡುತ್ತೀರಿ: ‘ಲೆಟ್ ಔಟ್’. ಉದ್ದ ಜಾಸ್ತಿ, ಕೆಳಗಿನ ಮಡಿಕೆಯನ್ನು ಮೇಲಕ್ಕೆ ತೆಗೆದುಕೊಳ್ಳುತ್ತೀರಿ: ‘ಟೇಕ್ ಅಪ್’. ಉದ್ದ ಕಡಿಮೆ, ಮಡಿಕೆ ಬಿಚ್ಚಿ ಕೆಳಕ್ಕೆ ಬಿಡುತ್ತೀರಿ: ‘ಲೆಟ್ ಡೌನ್’. ನಾಲ್ಕು ಮಾತು, ನಾಲ್ಕು ದಿಕ್ಕು. ಕೈಯಲ್ಲಿ ಮಾಡುತ್ತಾ ಬಾಯಲ್ಲಿ ಹೇಳಿ, ಒಂದು ಮಧ್ಯಾಹ್ನದಲ್ಲಿ ಬರುತ್ತದೆ.

ಹಿಂದಿನ ಜೇಬು ಬಟ್ಟೆಯ ಮೇಲೆ ಕೂರುತ್ತದೆ, ಅದಕ್ಕೆ ‘ಸೋ ಆನ್’ (ಇಲ್ಲಿ ‘ಸೋ’ ಅಂದರೆ ಹೊಲಿ, sew). ಜಿಪ್ ಒಳಗೆ ಸೇರುತ್ತದೆ, ಅದಕ್ಕೆ ‘ಸೋ ಇನ್’. ಹಾಕಿ ನೋಡುವುದು ‘ಟ್ರೈ ಆನ್’. ಗುಂಡಿ ಕಿತ್ತು ಬಂದರೆ ‘ದ ಬಟನ್ ಕೇಮ್ ಆಫ್’. ಮಂಡಿ ಹತ್ತಿರ ಸವೆದು ಹೋದರೆ ‘ವೋರ್ನ್ ಔಟ್’. ಜಿಪ್ ಖಾಲಿಯಾದರೆ ‘ವಿ ಹ್ಯಾವ್ ರನ್ ಔಟ್ ಆಫ್ ಜಿಪ್ಸ್’. ಈ ‘ಆಫ್’ (ಒಂದೇ ‘ಎಫ್’ ಇರುವ of) ಬಿಟ್ಟರೆ ತಪ್ಪಾಗುತ್ತದೆ. ಕ್ರಿಕೆಟ್ಟಿನ ರನ್ ಔಟ್ ಬೇರೆ, ಇದು ಬೇರೆ.

ಇನ್ನು ಆರ್ಡರ್ ಮಾತು. ಇಲ್ಲಿ ಎಚ್ಚರ ಬೇಕು, ದುಡ್ಡಿನ ವ್ಯವಹಾರ. ‘ಪುಟ್ ಆಫ್’ ಅಂದರೆ ಮುಂದಕ್ಕೆ ಹಾಕಿದರು. ಆರ್ಡರ್ ಇದೆ, ತಡವಾಗುತ್ತದೆ ಅಷ್ಟೆ. ‘ಕಾಲ್ ಆಫ್’ ಅಂದರೆ ರದ್ದು. ‘ಬ್ಯಾಕ್ ಔಟ್’ ಅಂದರೆ ಒಪ್ಪಿಕೊಂಡವರು ಹಿಂದೆ ಸರಿದರು. ‘ಫಾಲ್ ಥ್ರೂ’ ಅಂದರೆ ಮಾತುಕತೆಯೇ ಮುರಿದುಬಿತ್ತು. ‘ಪುಟ್ ಆಫ್’ ಅನ್ನುವುದನ್ನು ‘ಕಾಲ್ ಆಫ್’ ಅಂತ ತಿಳಿದು ಕತ್ತರಿಸಿದ ಬಟ್ಟೆಯನ್ನು ಬೇರೆ ಪಾರ್ಟಿಗೆ ತಿರುಗಿಸಿಬಿಟ್ಟರೆ ನಷ್ಟ ನಿಮ್ಮ ತಲೆಗೆ. ಆದ್ದರಿಂದ ಅನುಮಾನ ಬಂದಾಗ ‘ಯೆಸ್ ಸರ್’ ಅನ್ನಬೇಡಿ. ‘ಸರ್, ಡು ಯು ಮೀನ್ ಕ್ಯಾನ್ಸಲ್, ಆರ್ ಜಸ್ಟ್ ಲೇಟರ್?’ ಅಂತ ಕೇಳಿ. ಕೇಳುವುದರಲ್ಲಿ ಮರ್ಯಾದೆ ಹೋಗುವಂಥದ್ದು ಏನೂ ಇಲ್ಲ. ಇಂಗ್ಲಿಷ್ ಚೆನ್ನಾಗಿ ಬಲ್ಲವರೂ ದೊಡ್ಡ ಆರ್ಡರ್ ಇದ್ದಾಗ ಹೀಗೇ ಕೇಳಿ ಖಚಿತ ಮಾಡಿಕೊಳ್ಳುತ್ತಾರೆ.

ಪ್ರಶ್ನೆ: ಅರ್ಜಿ ತುಂಬುವುದಕ್ಕೆ ‘ಫಿಲ್ ಇನ್’, ‘ಫಿಲ್ ಅಪ್’, ‘ಫಿಲ್ ಔಟ್’ ಯಾವುದು ಸರಿ? (ಸಿಂಧನೂರು)

ಉತ್ತರ: ‘ಫಿಲ್ ಇನ್’, ‘ಫಿಲ್ ಔಟ್’ ಎರಡೂ ಸರಿ. ‘ಫಿಲ್ ಅಪ್’ ನಮ್ಮ ಕಚೇರಿಗಳಲ್ಲಿ ನಡೆಯುತ್ತದೆ, ಆದರೆ ಅದನ್ನು ಪೆಟ್ರೋಲ್ ಬಂಕಿಗೆ ಇಟ್ಟುಕೊಳ್ಳುವುದು ಒಳ್ಳೆಯದು.

ಪ್ರಶ್ನೆ: ಮಾನ್ವಿಯಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿದ್ದೇನೆ. ‘ಟರ್ನ್ ಆಫ್ ಇಟ್’ ತಪ್ಪು, ‘ಲುಕ್ ಆಫ್ಟರ್ ಇಟ್’ ಸರಿ ಅಂತ ಉತ್ತರಪತ್ರಿಕೆಯಲ್ಲಿದೆ. ಎರಡೂ ಒಂದೇ ತರಹ ಕಾಣ್ತಾವಲ್ರೀ?

ಉತ್ತರ: ಕಾಣುವುದು ಒಂದೇ ತರಹ, ನಡೆಯುವುದು ಬೇರೆ ತರಹ. ‘ಟರ್ನ್ ಆಫ್’, ‘ಪುಟ್ ಆನ್’, ‘ಪಿಕ್ ಅಪ್’ ಇಂಥವು ಬಿಡಿಸಿದರೆ ಬಿಡಿಯಾಗುತ್ತವೆ. ‘ಟರ್ನ್ ಆಫ್ ದ ಫ್ಯಾನ್’ ಸರಿ, ‘ಟರ್ನ್ ದ ಫ್ಯಾನ್ ಆಫ್’ ಕೂಡ ಸರಿ. ಆದರೆ ಫ್ಯಾನ್ ಬದಲು ‘ಇಟ್’, ‘ದೆಮ್’, ‘ಹಿಮ್’ ಬಂದರೆ ಅದು ಮಧ್ಯದಲ್ಲೇ ಕೂರಬೇಕು: ‘ಟರ್ನ್ ಇಟ್ ಆಫ್’. ‘ಲುಕ್ ಆಫ್ಟರ್’, ‘ಲುಕ್ ಫಾರ್’, ‘ಗೆಟ್ ಓವರ್’, ‘ಕಮ್ ಅಕ್ರಾಸ್’ ಇವುಗಳ ಮಧ್ಯೆ ಯಾರನ್ನೂ ಬಿಡುವುದಿಲ್ಲ. ಯಾವುದು ಯಾವ ಗುಂಪು ಅಂತ ಒಳ್ಳೆಯ ನಿಘಂಟಿನಲ್ಲಿ ಗೊತ್ತಾಗುತ್ತದೆ. ‘ಸಮ್‌ಥಿಂಗ್’ ಅನ್ನುವ ಪದವನ್ನು ಮಧ್ಯದಲ್ಲಿ ಇಟ್ಟು ತೋರಿಸಿದ್ದರೆ ಬಿಡಿಸಬಹುದು. ಮಾತಾಡುವಾಗ ನಿಘಂಟು ಕೈಯಲ್ಲಿ ಇರುವುದಿಲ್ಲ ಅಲ್ವಾ? ಆಗ ವಸ್ತುವಿನ ಹೆಸರನ್ನೇ ಕೊನೆಯಲ್ಲಿ ಹೇಳಿ. ‘ಟರ್ನ್ ಆಫ್ ದ ಫ್ಯಾನ್’, ‘ಲುಕ್ ಆಫ್ಟರ್ ದ ಚೈಲ್ಡ್’. ಹೆಚ್ಚಿನ ಕಡೆ ಎರಡೂ ಗುಂಪಿಗೆ ಇದು ನಡೆಯುತ್ತದೆ.

ಪರೀಕ್ಷೆಗೆ ಇನ್ನೊಂದು: ‘ಲುಕ್ ಫಾರ್ವರ್ಡ್ ಟು’ ಆದಮೇಲೆ ‘ಮೀಟ್’ ಬರಲ್ಲ, ‘ಮೀಟಿಂಗ್’ ಬರಬೇಕು. ಇದು ಪದೇ ಪದೇ ಕೇಳುವ ಪ್ರಶ್ನೆ.

ಪ್ರಶ್ನೆ: ರಾಯಚೂರಿನಲ್ಲಿ ಸ್ಟಾಫ್ ನರ್ಸ್ ಆಗಿದ್ದೇನೆ, ಹೊರದೇಶದ ಕೆಲಸಕ್ಕೆ ಪ್ರಯತ್ನಿಸುತ್ತಿದ್ದೇನೆ. ಆನ್‌ಲೈನ್ ಸಂದರ್ಶನದಲ್ಲಿ ‘ಐ ಪಾಸ್ಡ್ ಔಟ್ ಇನ್ 2019’ ಅಂದೆ. ಅವರು ‘ಆರ್ ಯು ಓಕೆ ನೌ?’ ಅಂತ ಕೇಳಿದರು. ಏನು ತಪ್ಪಾಯಿತು ಮೇಡಂ?

ಉತ್ತರ: ‘ಪಾಸ್ ಔಟ್’ ಅಂದರೆ ಹೊರದೇಶದವರಿಗೆ ಮೊದಲು ತಿಳಿಯುವ ಅರ್ಥ ಪ್ರಜ್ಞೆ ತಪ್ಪುವುದು. ಮೇ ತಿಂಗಳ ರಾಯಚೂರಿನ ಬಿಸಿಲಲ್ಲಿ ಒಬ್ಬರು ಬವಳಿ ಬಂದು ಬಿದ್ದರೆ ‘ಹಿ ಪಾಸ್ಡ್ ಔಟ್ ಇನ್ ದ ಹೀಟ್’. ತರಬೇತಿ ಮುಗಿಸಿದ ಸೈನಿಕರಿಗೆ ಪಾಸಿಂಗ್ ಔಟ್ ಪರೇಡ್ ಇದೆ ನಿಜ, ಆದರೆ ಕಾಲೇಜು ಮುಗಿಸಿದ್ದಕ್ಕೆ ಹೀಗೆ ಹೇಳುವುದು ನಮ್ಮ ಕಡೆಯ ರೂಢಿ. ನೀವು ‘ಐ ಗ್ರಾಜುಯೇಟೆಡ್ ಇನ್ 2019’ ಅನ್ನಿ. ಇದರಿಂದ ಕೆಲಸ ತಪ್ಪುತ್ತದೆ ಅಂತ ಚಿಂತೆ ಬೇಡ. ಭಾರತದ ನರ್ಸ್‌ಗಳ ಜೊತೆ ಕೆಲಸ ಮಾಡಿದವರಿಗೆ ಈ ಬಳಕೆ ಗೊತ್ತಿರುತ್ತದೆ.

ನಿಮಗೆ ಇದಕ್ಕಿಂತ ಮುಖ್ಯವಾದ ವಿಷಯ ಬೇರೆ ಇದೆ. ಆಸ್ಪತ್ರೆಯಲ್ಲಿ ಎರಡು ಇಂಗ್ಲಿಷ್ ಇರುತ್ತವೆ. ಕೇಸ್ ಶೀಟ್‌ನಲ್ಲಿ ಬರೆಯುವುದು ‘ವಾಮಿಟೆಡ್’, ‘ಲಾಸ್ಟ್ ಕಾನ್ಷಿಯಸ್‌ನೆಸ್’. ಹಾಸಿಗೆಯಲ್ಲಿರುವ ಪೇಷೆಂಟ್ ಹೇಳುವುದು ‘ಐ ಥ್ರೂ ಅಪ್’, ‘ಐ ಪಾಸ್ಡ್ ಔಟ್’. ನೀವು ಓದಿಕೊಂಡು ಬಂದದ್ದು ಮೊದಲನೆಯದು. ಕಿವಿಗೆ ಬೀಳುವುದು ಎರಡನೆಯದು. ಹೊರದೇಶದ ಕೆಲಸಕ್ಕೆ ನರ್ಸ್‌ಗಳು ಬರೆಯುವ ಓಇಟಿ ಅನ್ನುವ ಇಂಗ್ಲಿಷ್ ಪರೀಕ್ಷೆಯ ಮಾತಿನ ಭಾಗದಲ್ಲಿ ಪೇಷೆಂಟ್ ಜೊತೆ ಮಾತಾಡಿದಂತೆ ಎರಡು ರೋಲ್ ಪ್ಲೇ ಇರುತ್ತವೆ. ಅಲ್ಲಿ ಪೇಷೆಂಟ್ ಹೇಳಿದ್ದು ತಟ್ಟನೆ ಅರ್ಥವಾಗಬೇಕು.

ಹಾಗಾಗಿ ಇವನ್ನು ಜೊತೆಯಾಗಿ ಕಲಿಯಿರಿ. ಊದಿಕೊಂಡರೆ ‘ಸ್ವೆಲ್ ಅಪ್’. ಮೈಯೆಲ್ಲ ದದ್ದು ಎದ್ದರೆ ‘ಬ್ರೇಕ್ ಔಟ್ ಇನ್ ಎ ರ‍್ಯಾಶ್’. ಜ್ವರ ಇಳಿಸುವುದು ‘ಬ್ರಿಂಗ್ ಡೌನ್’. ಅರಿವಳಿಕೆಯ ಪ್ರಭಾವ ಇಳಿಯುತ್ತಾ ಬರುವುದು ‘ವೇರ್ ಆಫ್’. ಪ್ರಜ್ಞೆ ಮರಳುವುದು ‘ಕಮ್ ರೌಂಡ್’. ಉಪ್ಪು ಕಡಿಮೆ ಮಾಡಿ ಅನ್ನಲು ‘ಕಟ್ ಡೌನ್ ಆನ್ ಸಾಲ್ಟ್’, ಬೀಡಿ ಪೂರ್ತಿ ಬಿಡಿ ಅನ್ನಲು ‘ಗಿವ್ ಅಪ್’. ‘ಪಾಸ್ ಔಟ್’ ಮತ್ತು ‘ಪಾಸ್ ಅವೇ’ ಮಾತ್ರ ಎಂದೂ ಅದಲುಬದಲು ಆಗಬಾರದು. ‘ಪಾಸ್ ಅವೇ’ ಅಂದರೆ ತೀರಿಕೊಂಡರು. ಹೊರಗೆ ಕಾಯುತ್ತಿರುವ ಮನೆಯವರಿಗೆ ಹೇಳುವ ಮಾತು ಅದು. ಹಾಗೇ ‘ಕೋಪ್ ಅಪ್ ವಿತ್’ ಅನ್ನುವುದನ್ನೂ ಬಿಡಿ. ‘ಕೋಪ್ ವಿತ್’ ಅಷ್ಟೆ, ಅದಕ್ಕೆ ‘ಅಪ್’ ಬೇಕಿಲ್ಲ.

ಪ್ರಶ್ನೆ: ಕುಷ್ಟಗಿಯ ರೈತ ನಾನು, ಪಿಯುಸಿ ತನಕ ಓದಿದ್ದೇನೆ. ಮಗಳ ಜೊತೆ ಕೂತು ಇಂಗ್ಲಿಷ್ ಪೇಪರ್ ಓದಬೇಕು ಅಂತ ಆಸೆ. ಓದಿದ್ರೆ ಈ ಮಾತುಗಳು ಬರ್ತಾವೇನ್ರೀ?

ಉತ್ತರ: ಬರುತ್ತವೆ, ಅದರಲ್ಲೂ ನಿಮಗೆ ಮೊದಲೇ ಗೊತ್ತಿರುವ ಸುದ್ದಿ ಓದಿದರೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 33 ಗೇಟ್‌ಗಳಲ್ಲಿ 19ನೇ ಗೇಟಿನ ಸರಪಳಿ ತುಂಡಾಗಿ ಗೇಟ್ ಕೊಚ್ಚಿಹೋಯಿತಲ್ಲ, ನೀರಿನ ಚಿಂತೆಯಲ್ಲಿ ನಮ್ಮ ಮೂರೂ ಜಿಲ್ಲೆಯವರು ದಿನಾ ಆ ಸುದ್ದಿಯನ್ನೇ ನೋಡುತ್ತಿದ್ದೆವು. ಅದರ ಇಂಗ್ಲಿಷ್ ವರದಿ ಫೋನಿನಲ್ಲಿ ಹುಡುಕಿ ತೆಗೆಯಿರಿ. ‘ವಾಷ್ಡ್ ಅವೇ’ ಅಂತ ಇರುತ್ತದೆ. ನಿಘಂಟು ಬೇಕಾಗುವುದೇ ಇಲ್ಲ, ‘ಕೊಚ್ಚಿಹೋಯಿತು’ ನಿಮ್ಮ ಬಾಯಲ್ಲೇ ಇದೆ. ನೀರು ತಡೆದು ನಿಲ್ಲಿಸುವುದಕ್ಕೆ ‘ಹೋಲ್ಡ್ ಬ್ಯಾಕ್’, ಕೆಲಸ ನಡೆಸುವುದಕ್ಕೆ ‘ಕ್ಯಾರಿ ಔಟ್’, ಕೆರೆ ಬತ್ತುವುದಕ್ಕೆ ‘ಡ್ರೈ ಅಪ್’. ಇವೆಲ್ಲ ಇಂಥ ವರದಿಗಳಲ್ಲಿ ಮತ್ತೆ ಮತ್ತೆ ಸಿಗುವ ಮಾತುಗಳು.

ದಿನಾ ಒಂದೇ ಸುದ್ದಿ ಸಾಕು. ಮೊದಲು ಕನ್ನಡ ಪೇಪರಿನಲ್ಲಿ ನೀವು ಗಟ್ಟಿಯಾಗಿ ಓದಿ, ಆಮೇಲೆ ಅದೇ ಸುದ್ದಿಯನ್ನು ಮಗಳು ಇಂಗ್ಲಿಷಿನಲ್ಲಿ ಓದಲಿ. ಜೋಡಿ ಮಾತು ಸಿಕ್ಕಾಗ ಅವಳು ಗೆರೆ ಎಳೆಯಲಿ, ಕನ್ನಡದಲ್ಲಿ ಅದಕ್ಕೆ ಏನಂತೀವಿ ಅಂತ ನೀವು ಹೇಳಿ. ಕೃಷಿ ಮಾರುಕಟ್ಟೆ ದರ, ಮಳೆ, ಕಾಲುವೆ ನೀರಿನ ಸುದ್ದಿಯಿಂದ ಶುರು ಮಾಡಿ. ರಾಜಕೀಯದ ಪುಟ ಮೊದಲ ತಿಂಗಳು ಬೇಡ, ಅಲ್ಲಿ ವಾಕ್ಯಗಳು ಉದ್ದ ಇರುತ್ತವೆ.