ಬಡಾವಣೆ ಕಾಯಲು ಹುಟ್ಟಿದ ಜ್ಯೂಯಿಷ್ ಡಿಫೆನ್ಸ್ ಲೀಗ್ (ಯಹೂದಿ ರಕ್ಷಣಾ ಕೂಟ) ಬಾಂಬ್ ಇಡುವ ಸಂಘಟನೆ ಆಗಿದ್ದು ಹೇಗೆ?

ಹಿಂಸೆಯಿಂದ ಪ್ರಚಾರ ಸಿಗುತ್ತೆ ಅಂತ ಅದರ ನಾಯಕರಿಗೆ ಬೇಗ ಗೊತ್ತಾಯಿತು. ಮುಖ್ಯ ಕಾರಣ ಅದೇ.

ರಬ್ಬಿ, ಅಂದರೆ ಯಹೂದಿ ಧರ್ಮಗುರು, ಮೆಯಿರ್ ಕಹಾನೆ 1968ರಲ್ಲಿ ನ್ಯೂಯಾರ್ಕ್‌ನಲ್ಲಿ ಇದನ್ನು ಕಟ್ಟಿದರು. ಬಡ ಯಹೂದಿಗಳಿದ್ದ ಬೀದಿಗಳಲ್ಲಿ ಗಸ್ತು ತಿರುಗುವುದು ಮೊದಲ ಕೆಲಸ. ಬೀದಿ ಅಪರಾಧದ ಬಗ್ಗೆ ಆ ಜನರಿಗಿದ್ದ ಭಯ ನಿಜವಾದದ್ದೇ. ಆದರೆ ಗಸ್ತು ಸುದ್ದಿಯಾಗುವುದಿಲ್ಲ, ಅಲ್ವಾ? ಸೋವಿಯತ್ ಒಕ್ಕೂಟ ತನ್ನ ಯಹೂದಿಗಳನ್ನು ಸುಲಭವಾಗಿ ದೇಶ ಬಿಡಲು ಬಿಡುತ್ತಿರಲಿಲ್ಲ. ಲೀಗ್ ಆ ವಿಷಯ ಹಿಡಿದು ಸೋವಿಯತ್ ಕಚೇರಿಗಳ ಮೇಲೆ ದಾಳಿಗೆ ಇಳಿಯಿತು. ಪತ್ರಿಕೆಗಳ ಮುಖಪುಟ ಸಿಕ್ಕಿತು, ಹುಡುಗರೂ ಜಾಸ್ತಿ ಸೇರಿದರು.

ಅದರ ಬೆಲೆ ತೆತ್ತವರು ಯಾರು? 1972ರ ಜನವರಿಯಲ್ಲಿ ಸೋಲ್ ಹ್ಯೂರೋಕ್ ಅವರ ಮ್ಯಾನ್‌ಹಟನ್ ಕಚೇರಿಯಲ್ಲಿ ಬೆಂಕಿ ಬಾಂಬ್ ಸಿಡಿಯಿತು. ಅವರು ಸೋವಿಯತ್ ಕಲಾವಿದರನ್ನು ಅಮೆರಿಕಕ್ಕೆ ಕರೆಸುತ್ತಿದ್ದರು. ಹೊಗೆಗೆ ಉಸಿರುಗಟ್ಟಿ ಸತ್ತಿದ್ದು ಅಲ್ಲಿ ಕೆಲಸಕ್ಕಿದ್ದ 27 ವರ್ಷದ ಹೆಣ್ಣುಮಗಳು. ಆಕೆಯೂ ಯಹೂದಿ, ಹ್ಯೂರೋಕ್ ಕೂಡ ಯಹೂದಿ. ಯಹೂದಿಗಳ ರಕ್ಷಣೆ ಎಂಬ ಮಾತು ನನ್ನ ಮಟ್ಟಿಗೆ ಅಲ್ಲೇ ಸುಳ್ಳಾಯಿತು.

ಕಹಾನೆ ಅಷ್ಟರಲ್ಲಿ ಇಸ್ರೇಲಿಗೆ ಹೋಗಿದ್ದರು. ಅರಬ್ಬರನ್ನು ಹೊರಗಟ್ಟಬೇಕು ಎನ್ನುವ ಕಾಖ್ ಪಕ್ಷ ಕಟ್ಟಿ 1984ರಲ್ಲಿ ಸಂಸತ್ತಿಗೂ ಗೆದ್ದರು. ಜನಾಂಗದ್ವೇಷ ಹರಡುತ್ತದೆ ಎಂದು 1988ರ ಚುನಾವಣೆಯಿಂದ ಆ ಪಕ್ಷವನ್ನು ಹೊರಗಿಟ್ಟರು. 1990ರಲ್ಲಿ ನ್ಯೂಯಾರ್ಕ್‌ನಲ್ಲಿ ಕಹಾನೆ ಕೊಲೆಯಾಯಿತು. 1994ರಲ್ಲಿ ಅವರ ಅನುಯಾಯಿ ಬರೂಖ್ ಗೋಲ್ಡ್‌ಸ್ಟೈನ್ ಪಶ್ಚಿಮ ದಂಡೆಯ ಹೆಬ್ರಾನ್ ಊರಿನ ಮಸೀದಿಯಲ್ಲಿ ನಮಾಜು ಮಾಡುತ್ತಿದ್ದ 29 ಜನರನ್ನು ಗುಂಡಿಟ್ಟು ಕೊಂದ. ಆಮೇಲೆ ಇಸ್ರೇಲ್ ಕಾಖ್ ಅನ್ನು ಪೂರ್ತಿ ನಿಷೇಧಿಸಿತು.